ಪೆಟ್ರೋಲ್ ಉಳಸಲಿಕ್ಕೆ ಪಾಟ್ಲಿ ಒತ್ತಿ ಇಡೋದು ಯಾವ ಲೆಕ್ಕ?

ಈ ಸಲ ಉಪ್ಪಿನಕಾಯಿ, ಮೆಂತ್ಯೆಹಿಟ್ಟು ಎಲ್ಲಾ ಬಾಜೂಕ ಇಟ್ಟು ಕಾರಿನ ವಿಷಯ ಬರೀತೀನಿ. ಕಾರಿನ ಮಾತು ಗಂಡಸರದು, ನಮಗ್ಯಾಕ ಅಂತ ಬಿಟ್ಟು ಏಳಬ್ಯಾಡ್ರಿ. ಈಗ ಹುಬ್ಬಳ್ಳಿ-ಧಾರವಾಡದಾಗ ಯಾರ ಮನಿಗೆ ಅರಿಷಿಣ-ಕುಂಕುಮಕ್ಕ ಹೋದರೂ ಅದ ಮಾತು: "ಹಳೇ ಗಾಡಿ ಕೊಟ್ಟು ಹೈಬ್ರಿಡ್ ತೊಗೋಬೇಕಂತಾರ ನಮ್ಮವರು, ಪೆಟ್ರೋಲ್ ಭಾಳ ಉಳೀತದಂತ." ಮಾತು ಶುರು ಆಗೋದು ಗಂಡಸರ ಕಟ್ಟಿಮ್ಯಾಲೆ. ಮುಗಿಯೋದು ಮಾತ್ರ ನಮ್ಮ ಕಪಾಟಿನ ಮುಂದ. ನಮ್ಮ ಭಿಶಿ ರೊಕ್ಕ, ನಮ್ಮ ಹೆಸರಲೆ ಇಟ್ಟ ಎಫ್‌ಡಿ, ನಮ್ಮ ಕೈಯಾಗಿನ ಪಾಟ್ಲಿ.

ನನ್ನ ಮಾತು ಇಷ್ಟ. ಹೈಬ್ರಿಡ್ ಕಾರು ಚಲೋ ಗಾಡಿ. ಪೆಟ್ರೋಲೂ ಕಡಿಮಿ ಕುಡೀತದ, ಖರೆ. ಆದರ ತಿಂಗಳಿಗೆ ಐನೂರು-ಆರನೂರು ಕಿಲೋಮೀಟರ್ ಓಡಸೋ ನಮ್ಮಂಥಾ ಮನಿಗೆ ಅದನ್ನ "ಉಳಿತಾಯ" ಅಂತ ಹೇಳಿ ತರೋದು ಸುಳ್ಳು. ಖರ್ಚು ಅಂತ ಹೇಳಿ ತರ್ರಿ, ನಾನ ಆರತಿ ತಾಟು ಹಿಡಕೊಂಡು ಬಾಗಲಕ್ಕ ನಿಂದರ್ತೀನಿ, ಗಾಲಿ ಕೆಳಗ ಲಿಂಬಿಹಣ್ಣೂ ಇಡ್ತೀನಿ. ಉಳಿತಾಯ ಅಂತ ಹೇಳಿ ಹೆಣ್ಣಮಕ್ಕಳ ಬಂಗಾರಕ್ಕ ಕೈ ಹಾಕಿದರ ಸುಮ್ಮನ ಕೂಡಂಗಿಲ್ಲ.

ಮದಲ ಗಾಡಿ ಬಗ್ಗೆ ನಾಕು ಮಾತು. ಹೈಬ್ರಿಡ್ ಅಂದರ ಒಂದ ಗಾಡಿಯೊಳಗ ಪೆಟ್ರೋಲ್ ಎಂಜಿನ್ನೂ ಇರ್ತದ, ಕರೆಂಟಿನ ಮೋಟಾರೂ ಇರ್ತದ. ಗಾಡಿ ಬಿಡೋ ಮುಂದ, ಸಣ್ಣಗ ಹೋಗೋ ಮುಂದ ಮೋಟಾರ್ ಎಳೀತದ. ಜೋರು ಬೇಕಾದಾಗ ಎಂಜಿನ್ ಕೈ ಹಚ್ಚತದ. ಸಾದಾ ಗಾಡಿಯೊಳಗ ಬ್ರೇಕ್ ಹಾಕಿದಾಗ ಬಿಸಿಯಾಗಿ ಹಾಳಾಗೋ ಶಕ್ತಿಯನ್ನ ಇದು ಹಿಡದು ಬ್ಯಾಟರಿಗೆ ತುಂಬಿ ಇಡ್ತದ, ನಾವು ದಿನಾ ಹಾಲಿನ ಮ್ಯಾಲಿನ ಕೆನಿ ತಗದಿಟ್ಟು ವಾರಕ್ಕೊಮ್ಮೆ ತುಪ್ಪ ಕಾಸಿಧಂಗ. ಮನ್ಯಾಗ ವಾಯರ್ ಎಳದು ಚಾರ್ಜ್ ಮಾಡೋ ಕೆಲಸ ಇಲ್ಲ. ಚೆನ್ನಮ್ಮ ಸರ್ಕಲ್ಲಿನ್ಯಾಗ ಹತ್ತು ನಿಮಿಷ ನಿಂತರ ಎಂಜಿನ್ ಬಂದ್ ಆಗಿ ಸುಮ್ಮನ ಕೂತಿರ್ತದ. ಹಿಂಗಾಗಿ ಬ್ಯಾರೆ ಗಾಡಿಗೆ ಊರಾಗ ಮೈಲೇಜ್ ಕಡಿಮಿ ಬಂದರ, ಇದಕ್ಕ ಊರಾಗನ ಚಲೋ ಬರ್ತದ. ಬೆಳಗಾವಿ ಹೆದ್ದಾರಿ ಹಿಡದು ಒಂದ ಸವನ ಓಡಸಿದರ ಬ್ರೇಕೂ ಇಲ್ಲ, ತುಂಬೋದೂ ಇಲ್ಲ. ಅಲ್ಲೆ ಇದರ ಹೆಚ್ಚಳ ಕರಗತದ.

ಇದೇನು ನಿನ್ನೆ-ಮೊನ್ನೆ ಹುಟ್ಟಿದ್ದಲ್ಲ. ಟೊಯೋಟಾದವರು ಜಪಾನಿನ್ಯಾಗ 1997ರ ಡಿಸೆಂಬರದಾಗನ ಪ್ರಿಯಸ್ ಅಂತ ಮಾರಲಿಕ್ಕೆ ಶುರು ಮಾಡಿದ್ದರು. ನಮ್ಮ ದೇಶದಾಗ ಮಧ್ಯಮ ವರ್ಗದವರ ಬಾಯಿಗೆ ಈ ಹೆಸರು ಬಂದಿದ್ದು 2022ರಾಗ, ಹೋಂಡಾ ಸಿಟಿ, ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಬಂದ ಮ್ಯಾಲೆ. ಕಡೀ ಎರಡೂ ನಮ್ಮ ರಾಜ್ಯದ ಬಿಡದಿ ಕಾರ್ಖಾನ್ಯಾಗ ತಯಾರಾದವು. ಅದಕ್ಕ "ನಮ್ಮ ನೆಲದ ಗಾಡಿ" ಅಂತ ಒಬ್ಬರು ನನ್ನ ಮುಂದ ಅಭಿಮಾನದ ಮಾತು ತಗದರು. ಬಿಡದಿಯವರ ಅಭಿಮಾನ ಇರಲಿ, ಕಂತು ನಮ್ಮದಲ್ಲಾ!

ಇನ್ನೊಂದು ತಿಳಕೊಂಡಿರ್ರಿ, ಶೋರೂಮಿನ್ಯಾಗ ಕೆಲಸಕ್ಕ ಬರ್ತದ. ಹೈಬ್ರಿಡ್ ಅಂತ ಚೀಟಿ ಅಂಟಿಸಿದ್ದೆಲ್ಲಾ ಒಂದ ಅಲ್ಲ. ಒಂದು ನಾ ಈಗ ಹೇಳಿದ್ದು, ಸ್ಟ್ರಾಂಗ್ ಹೈಬ್ರಿಡ್. ಇನ್ನೊಂದು ಮೈಲ್ಡ್ ಹೈಬ್ರಿಡ್, ಕೆಲವರು ಸ್ಮಾರ್ಟ್ ಹೈಬ್ರಿಡ್ ಅಂತಾರ. ಅದರಾಗ ಸಣ್ಣದೊಂದು ಮೋಟಾರು ಎಂಜಿನ್ನಿಗೆ ಒಂದಿಷ್ಟು ಆಸರ ಕೊಡ್ತದ, ಅಷ್ಟ. ತಾನ ಗಾಲಿ ತಿರಗಸಂಗಿಲ್ಲ. ಸರಕಾರ 2015ರಾಗ ಬ್ಯಾಟರಿ ಗಾಡಿಗೆ ಸಬ್ಸಿಡಿ ಶುರು ಮಾಡಿದಾಗ ಈ ಮೈಲ್ಡ್ ಅನ್ನೋದೂ ಪಂಕ್ತಿಯೊಳಗ ಕೂತು ಊಟ ಮಾಡ್ತು. 2017ರ ಎಪ್ರಿಲ್‌ದಾಗ ಎಬ್ಬಿಸಿ ಕಳಿಸಿದರು. ಹಿಂಬಾಗಲಿನ ಮ್ಯಾಲೆ ಹೈಬ್ರಿಡ್ ಅಂತ ಬರದದ ಅಂತ ಮಂದಿ ಇಪ್ಪತ್ತೆಂಟು ಮೈಲೇಜ್ ಬರ್ತದಂತ ಕಾಯೋದು ಅಂದರ ರವಾದುಂಡಿ ಡಬ್ಬ್ಯಾಗ ಬೇಸನ್ ಉಂಡಿ ಹುಡಕಿಧಂಗ.

ಈಗ ಲೆಕ್ಕಕ್ಕ ಬರ್ರಿ. ಗಂಡಸರು ಮೈಲೇಜ್ ಅನ್ನೋ ಒಂದ ಅಂಕಿ ಹಿಡಕೊಂಡು ಕೂಡ್ತಾರ: ಲೀಟರಿಗೆ ಎಷ್ಟು ಕಿಲೋಮೀಟರ್. ಆ ಅಂಕಿನ ಮೋಸ ಮಾಡೋದು. ನಾವು ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನ ಮ್ಯಾಲೆ ಬರೀತೀವಲ್ಲ, ಅದನ್ನ ನೆನಸ್ರಿ. ಇಪ್ಪತ್ತು ದಿನಕ್ಕ ಮುಗಿಯೋ ಸಿಲಿಂಡರ್ ಮೂವತ್ತು ದಿನ ಬಂತು ಅಂದರ ವರ್ಷಕ್ಕ ಆರು ಸಿಲಿಂಡರ್ ಉಳೀತಾವ. ನಲವತ್ತು ದಿನ ಬರೋದು ಐವತ್ತು ದಿನ ಬಂತು ಅಂದರ? ಅಲ್ಲೂ ಹತ್ತ ದಿನ ಹೆಚ್ಚಾತು, ಆದರ ವರ್ಷಕ್ಕ ಎರಡು ಸಿಲಿಂಡರೂ ಪೂರಾ ಉಳಿಯಂಗಿಲ್ಲ. ಕಾರಿಗೂ ಅದ ಮಾತು. ಲೀಟರಿಗೆ 10 ಕೊಡೋ ಗಾಡಿ ತಗದು 15 ಕೊಡೋದು ತಂದರ ಸಾವಿರ ಕಿಲೋಮೀಟರಿಗೆ 33 ಲೀಟರ್ ಉಳೀತದ. 20 ಕೊಡೋದು ತಗದು 28 ಕೊಡೋದು ತಂದರ ಬರೇ 14 ಲೀಟರ್. ಮದಲಿನದರಾಗ ಐದು ಹೆಚ್ಚಾತು, ಎರಡನೇದರಾಗ ಎಂಟು ಹೆಚ್ಚಾತು; ಕೇಳಲಿಕ್ಕೆ ಎಂಟನ ದೊಡ್ಡದು, ಡಬ್ಬ್ಯಾಗ ರೊಕ್ಕ ಬೀಳೋದು ಮಾತ್ರ ಅರ್ಧಾನೂ ಇಲ್ಲ. ಚಲೋ ಮೈಲೇಜಿನ ಮ್ಯಾಲೆ ಇನ್ನಷ್ಟು ಮೈಲೇಜಿಗೆ ರೊಕ್ಕ ಸುರುವೋದು ಎಂಥಾದ್ದು ಅಂತ ಇದರಾಗನ ತಿಳೀತದ. ಅದಕ್ಕ ಇನ್ನ ಮುಂದ ಯಾರರ ಮೈಲೇಜ್ ಅಂದರ, "ತಿಂಗಳಿಗೆ ಎಷ್ಟು ಲೀಟರ್ ಉಳೀತದ, ಅದನ್ನ ಹೇಳ್ರಿ" ಅಂತ ಕೇಳ್ರಿ.

ಇದಕ್ಕ ನಮ್ಮ ಮನಿದ ಒಂದು ಉದಾಹರಣಿ ಕೊಡ್ತೀನಿ. ಮಾಳಮಡ್ಡಿ ವೈನಿನ್ನ ಕೇಳೇ ಬರೀಲಿಕ್ಕೆ ಹತ್ತೀನಿ. ನಮ್ಮಣ್ಣನ ಗಾಡಿ ಏಳು ವರ್ಷದ್ದು, ಪೆಟ್ರೋಲಿಂದು, ಕೊಟ್ಟ ಕೆಲಸ ಮಾಡ್ಕೋತ ಗಪ್ಪಗ ಅದ. ವೈನಿ ಸರ್ವಿಸ್ ಬಿಲ್ಲೆಲ್ಲಾ ಒಂದು ಪ್ಲಾಸ್ಟಿಕ್ ಚೀಲದಾಗ ಇಟ್ಟಾಳ. ಪ್ರತಿ ಬಿಲ್ಲಿನ ಮ್ಯಾಲೆ ಕಿಲೋಮೀಟರ್ ಬರದಿರ್ತಾರ ನೋಡ್ರಿ. ಮದಲಿನ ಬಿಲ್ಲು, ಕಡೀ ಬಿಲ್ಲು ಹಿಡದು ತಗದರ ತಿಂಗಳಿಗೆ ಆರನೂರು ಕಿಲೋಮೀಟರ್ ಬಂತು. "ನಾ ದಿನಾ ಎಷ್ಟು ಅಡ್ಡಾಡತೀನಿ ಗೊತ್ತೇನು" ಅಂತಿದ್ದ ಅಣ್ಣ ಆ ಅಂಕಿ ನೋಡಿ ಚಾ ಕೇಳಿದ. ನಿಮ್ಮ ಮನ್ಯಾಗೂ ತಗದು ನೋಡ್ರಿ. ವರ್ಷಕ್ಕೊಮ್ಮೆ ಗೋಕರ್ಣ, ಒಮ್ಮೆ ಬನಶಂಕರಿ, ನಡು ನಡು ಹುಬ್ಬಳ್ಳಿ, ಉಳಿದದ್ದೆಲ್ಲಾ ಸಪ್ತಾಪುರ, ಸುಭಾಸ ರೋಡು, ಕಾಯಿಪಲ್ಲೆ. ಬಾಯಿಲೆ ಸಾವಿರ ಅಂತೀವಿ, ಮೀಟರಿನ್ಯಾಗ ಅಷ್ಟು ಇರಂಗಿಲ್ಲ.

ಆ ಗಾಡಿ ಊರಾಗ ಲೀಟರಿಗೆ 15 ಕೊಡ್ತದ. ಆರನೂರು ಕಿಲೋಮೀಟರಿಗೆ 40 ಲೀಟರ್. ಲೀಟರಿಗೆ 103 ರೂಪಾಯಿ ಹಿಡದರ ತಿಂಗಳಿಗೆ 4,120. ಹೊಸ ಹೈಬ್ರಿಡ್ ಊರಾಗ ಖರೇನ 22 ಕೊಡ್ತದ ಅಂತ ಉದಾರ ಮನಸಲೆ ಒಪ್ಪೋಣು. ಆವಾಗ 27 ಲೀಟರಿನ ಚಿಲ್ಲರ, 2,809 ರೂಪಾಯಿ. ಉಳಿದದ್ದು ತಿಂಗಳಿಗೆ 1,311. ಕಂಪನಿಯವರು ಹೇಳೋ 27.97 ಯಾಕ ಹಿಡಿಲಿಲ್ಲ ಅಂತ ಕೇಳಬಹುದು. ಅದು ಪರೀಕ್ಷಾ ಕೋಣ್ಯಾಗ ರೋಲರ್ ಮ್ಯಾಲೆ ಗಾಡಿ ನಿಲ್ಲಿಸಿ ತಗದ ಅಂಕಿ. ಅದನ್ನ ಹಿಡದರ ಸಾದಾ ಗಾಡಿಗೂ ಕಂಪನಿ ಅಂಕಿನ ಹಿಡೀಬೇಕು. ಗ್ರ್ಯಾಂಡ್ ವಿಟಾರಾದ ಆಟೋಮ್ಯಾಟಿಕ್ ಪೆಟ್ರೋಲಿಗೆ ಅದು 20.58. ಹಂಗ ತಗದರ ತಿಂಗಳ ಉಳಿತಾಯ ಎಂಟನೂರರ ಹತ್ತಿರ ಇಳೀತದ. ನಾ ಹಿಡದ ಲೆಕ್ಕ ಹೈಬ್ರಿಡ್ಡಿಗೆ ಅನುಕೂಲ ಆಗೋ ಹಂಗನ ಅದ.

ಇನ್ನ ಆ ಕಡೆ ಏನು ಕೊಡಬೇಕು ನೋಡ್ರಿ. ಗ್ರ್ಯಾಂಡ್ ವಿಟಾರಾ 2022ರ ಸೆಪ್ಟೆಂಬರದಾಗ ಬಂದಾಗ ಜೀಟಾ ಅನ್ನೋ ನಮೂನಿಯೊಳಗ ಆಟೋಮ್ಯಾಟಿಕ್ ಪೆಟ್ರೋಲ್ ಗಾಡಿ ಶೋರೂಮ್ ದರ 15.39 ಲಕ್ಷ ಇತ್ತು, ಸ್ಟ್ರಾಂಗ್ ಹೈಬ್ರಿಡ್ 17.99 ಲಕ್ಷ. ಅಂತರ 2 ಲಕ್ಷ 60 ಸಾವಿರ. ಆಮ್ಯಾಲೆ ದರ ಮ್ಯಾಲೆ-ಕೆಳಗ ಆಗ್ಯಾವ, ನಿಮ್ಮ ಕೈಯಾಗಿನ ಕೊಟೇಶನ್ನಿನ್ಯಾಗ ಅಂತರ ಎಷ್ಟದ ನೀವ ನೋಡಕೊಳ್ರಿ. ಗೇರು ಹಾಕೋ ಸಾದಾ ಗಾಡಿ ಜೊತಿ ಹೋಲಿಸಿದರ ಅಂತರ ಇನ್ನೂ ದೊಡ್ಡದು, ನಾ ಅದನ್ನ ಬಿಟ್ಟೀನಿ. ಈ ಅಂತರದ ಮ್ಯಾಲೆ ರೋಡ್ ಟ್ಯಾಕ್ಸೂ ಕೂಡ್ತದ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಕರ್ನಾಟಕದಾಗ ನೂರಕ್ಕ 17, ಅದರ ಮ್ಯಾಲೆ ಸೆಸ್ ಬ್ಯಾರೆ. 2 ಲಕ್ಷ 60 ಸಾವಿರಕ್ಕ 17 ಅಂದರ 44 ಸಾವಿರ. ಒಟ್ಟು ಮೂರು ಲಕ್ಷ ಆತು. ವಿಮಾದಾಗ ಹೆಚ್ಚಾಗೋದು ನಾ ಹಿಡದಿಲ್ಲ.

ಫೋನಿನ್ಯಾಗ ವಿಡಿಯೋ ತೋರಿಸಿ "ನೋಡು, ಇವರು ಎಷ್ಟು ಉಳಿಸ್ಯಾರ" ಅನ್ನೋರಿಗೆ ಒಂದು ಮಾತು. ಉತ್ತರ ಪ್ರದೇಶ ಸರಕಾರ 2024ರ ಜುಲೈದಾಗ ಸ್ಟ್ರಾಂಗ್ ಹೈಬ್ರಿಡ್ಡಿಗೆ ನೋಂದಣಿ ತೆರಿಗಿ ಮನ್ನಾ ಮಾಡಿತ್ತು. ಲಖನೌದವ ಮಾಡಿದ ಲೆಕ್ಕ ಧಾರವಾಡದಾಗ ಕೂಡಂಗಿಲ್ಲ. ಜಿಎಸ್‌ಟಿನೂ ಹಂಗ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ನೂರಕ್ಕ 18 ಆತು, ಪೂರಾ ಬ್ಯಾಟರಿ ಗಾಡಿಗೆ ಮದಲಿನಿಂದನೂ 5, ಈ ದೊಡ್ಡ ಹೈಬ್ರಿಡ್ಡಿಗೆ 40. ಪೆಟ್ರೋಲ್ ಉಳಿಸ್ತೀನಿ ಅನ್ನೋ ಗಾಡಿಮ್ಯಾಲೆನ ಸರಕಾರ ನಲವತ್ತು ಹೇರೇದ. ಬೈಯೋದಿದ್ದರ ಅಲ್ಲೆ ಬೈರಿ, ನಾನೂ ಬರ್ತೀನಿ.

ಈಗ ಪಾಟ್ಲಿ ಮಾತು. ಅಣ್ಣ ಗಾಡಿಗೆ ಬ್ಯಾಂಕಿನ ಸಾಲ ಮಾಡ್ತಾನ, ಹೈಬ್ರಿಡ್ಡಿಗೆ ಹೆಚ್ಚಾಗೋ ಮೂರು ಲಕ್ಷಕ್ಕ ವೈನಿ ತವರಿನ ನಾಕು ತೊಲಿ ಪಾಟ್ಲಿ ಒತ್ತಿ ಇಡೋದು, ಉಳಿದ ಪೆಟ್ರೋಲ್ ರೊಕ್ಕದಾಗ ಅದನ್ನ ಬಿಡಿಸೋದು. ಇದು ಯೋಜನಾ. ಕೇಳಲಿಕ್ಕೆ ಎಷ್ಟು ಛಂದ ಅದ ನೋಡ್ರಿ, ರೊಕ್ಕ ತಾನ ಹೋಗಿ ತಾನ ಬಂಧಂಗ. ಶೋರೂಮಿನ ಹುಡುಗನೂ ತಲಿ ಅಲ್ಲಾಡಿಸಿ, "ಮೇಡಂ, ಗಾಡಿ ತನ್ನ ಕಂತು ತಾನ ತುಂಬತದ್ರಿ" ಅಂದಿದ್ದನಂತ. ಆ ಹುಡುಗನ ಮ್ಯಾಲೆ ನನಗ ಸಿಟ್ಟಿಲ್ಲ, ಅವನ ಹೊಟ್ಟಿಪಾಡು. ಎದುರಿಗೆ ಕೂತ ನಾವು ಕ್ಯಾಲ್ಕುಲೇಟರ್ ತಗೀಬೇಕಿತ್ತು.

ಮೂರು ಲಕ್ಷಕ್ಕ ನೂರಕ್ಕ 9 ಬಡ್ಡಿ ಅಂದರ ವರ್ಷಕ್ಕ 27 ಸಾವಿರ. ಪೆಟ್ರೋಲ್ ಉಳಿದದ್ದು ತಿಂಗಳಿಗೆ 1,311ರಂಗ ವರ್ಷಕ್ಕ 15,732. ಬಡ್ಡಿಗೇ ಹನ್ನೊಂದು ಸಾವಿರ ಕೊರತಿ! ಅಸಲಿಗೆ ಒಂದು ಪೈಸಾ ಮುಟ್ಟಂಗಿಲ್ಲ. ಹತ್ತು ವರ್ಷ ಬಿಟ್ಟರೂ ಪಾಟ್ಲಿ ಅಲ್ಲೇ ಇರ್ತಾವ, ಬಡ್ಡಿ ಕೊರತಿ ನಮ್ಮ ಕಿರಾಣಿ ರೊಕ್ಕದಾಗಿಂದ ಹೋಗ್ತಿರ್ತದ. ಗಾಡಿ ತನ್ನ ಕಂತು ತಾನ ತುಂಬೋದು ಎಲ್ಲೆ ಬಂತು? ವೈನಿ ಡಬ್ಬಿ ತುಂಬತದ, ಗಾಡಿ ಹೆಸರು ಹೇಳ್ತದ.

"ನಾವು ಸಾಲ ಮಾಡಂಗಿಲ್ಲ, ಕೈಯಾಗ ರೊಕ್ಕ ಅದ" ಅನ್ನೋರೂ ಇರ್ತೀರಿ. ಬ್ಯಾಂಕಿನ್ಯಾಗ ಆ ಮೂರು ಲಕ್ಷ ನೂರಕ್ಕ ಆರೂವರಿಯಂಗ ಸುಮ್ಮನ ಮಲಗಿದ್ದರೂ ವರ್ಷಕ್ಕ 19,500 ಕೊಡ್ತದ. ಅದು 15,732ಕ್ಕಿಂತ ಹೆಚ್ಚು. ಬಡ್ಡಿ ಬಿಟ್ಟೇ ಬಿಡ್ರಿ, ಬರೇ ಅಸಲು ಹೊರಬೀಳಬೇಕಂದರೂ 1 ಲಕ್ಷ 37 ಸಾವಿರ ಕಿಲೋಮೀಟರ್ ಓಡಿಸಬೇಕು. ತಿಂಗಳಿಗೆ ಆರನೂರರಂಗ ಅದಕ್ಕ ಹತ್ತೊಂಬತ್ತು ವರ್ಷ ಬೇಕು. ಅಷ್ಟರಾಗ ಅಣ್ಣಗ ಎಂಬತ್ತು ದಾಟಿರ್ತಾವ, ಕೀಲಿ ಕೈಯಾಗ ಕೊಡೋರು ಯಾರು? ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಕಾರಿನ್ಯಾಗನ ಹೋಗಿ ಬರೋರು ವರ್ಷಕ್ಕ ಹನ್ನೆರಡು ಸಾವಿರ ಓಡಸ್ತಾರಂತ ಹಿಡೀರಿ, ಅವರಿಗೂ ಹನ್ನೊಂದು ವರ್ಷದ ಮ್ಯಾಲೆ ಆಗ್ತದ. ಹೈಬ್ರಿಡ್ ಬ್ಯಾಟರಿಗೆ ಕಂಪನಿಯವರು ಕೊಡೋ ವಾರಂಟಿ 8 ವರ್ಷ, ಇಲ್ಲಾಂದರ 1 ಲಕ್ಷ 60 ಸಾವಿರ ಕಿಲೋಮೀಟರ್, ಯಾವುದು ಮದಲ ಬರ್ತದ ಅದು. ಲಾಭ ಶುರು ಆಗೋಕಿಂತ ಮದಲ ವಾರಂಟಿ ಮುಗದಿರ್ತದ.

ಇಷ್ಟು ಬರೀ ಆ ಹೆಚ್ಚಿನ ಮೂರು ಲಕ್ಷದ ಕಥಿ, ಅಂದರ ಹೆಂಗಿದ್ದರೂ ಹೊಸ ಗಾಡಿ ತೊಗೊಳ್ಳಾಕನ ಬೇಕು ಅನ್ನೋರಿಗೆ. ಅಣ್ಣನಂಗ ಚಲೋ ಇದ್ದ ಗಾಡಿ ಕೊಟ್ಟು ಹೊಸಾದು ತರೋರ ಲೆಕ್ಕ ಇನ್ನೂ ಬ್ಯಾರೆ. ಹೊಸ ಗಾಡಿ ರಸ್ತಾಕ್ಕ ಇಳಿಯೋದರಾಗ ಇಪ್ಪತ್ತೊಂದು-ಇಪ್ಪತ್ತೆರಡು ಲಕ್ಷ. ಹಳೇದಕ್ಕ ಮೂರು ಲಕ್ಷ ಬಂತು ಅನ್ರಿ. ಉಳಿದದ್ದರಾಗ ಹದಿನೆಂಟು ಲಕ್ಷ ಐದು ವರ್ಷದ ಸಾಲ, ನೂರಕ್ಕ 9. ತಿಂಗಳ ಕಂತು 37 ಸಾವಿರದ ಮ್ಯಾಲೆ. ಅಣ್ಣನ ಪೂರಾ ಪೆಟ್ರೋಲ್ ಖರ್ಚನ 4,120. ನಾಳೆ ಬಂಕಿನವರು ಅಣ್ಣಗ ಪೆಟ್ರೋಲ್ ಪುಕ್ಕಟ ಹಾಕಲಿಕ್ಕೆ ಶುರು ಮಾಡಿದರೂ ಉಳಿಯೋದು 4,120ನ. ಅದನ್ನ ಉಳಸಲಿಕ್ಕೆ 37 ಸಾವಿರ. ಮೂಗಿಗಿಂತ ಮೂಗುತಿ ಭಾರ ಅಂತ ನಮ್ಮ ಅಜ್ಜಿ ಇದಕ್ಕ ಅಂತಿದ್ದಳು.

ಮತ್ತ ಪಾಟ್ಲಿ ಕೊಟ್ಟು ತಂದಿದ್ದೇನು? ವಿಮಾ ಕಾಗದ ತಗದು ನೋಡ್ರಿ, ಗಾಡಿ ಕಿಮ್ಮತ್ತು ಹೆಂಗ ಇಳೀತದ ಅಂತ ಅದರಾಗನ ಕೋಷ್ಟಕ ಇರ್ತದ. ಒಂದು ವರ್ಷ ತುಂಬೋದರಾಗ ನೂರಕ್ಕ 15 ಹೋತು, ಎರಡು ವರ್ಷಕ್ಕ 20, ಮೂರಕ್ಕ 30, ನಾಕಕ್ಕ 40, ಐದಕ್ಕ 50. ಹದಿನೆಂಟು ಲಕ್ಷದ್ದು ಐದು ವರ್ಷಕ್ಕ ಒಂಬತ್ತು ಲಕ್ಷ. ಆ ಕಡೆ ಹತ್ತು ಗ್ರಾಂ ಬಂಗಾರ 2025ರ ಎಪ್ರಿಲ್‌ದಾಗ ಮದಲನೇ ಸಲ ಲಕ್ಷ ರೂಪಾಯಿ ಮುಟ್ಟಿತು. ಬಂಗಾರ ದಿನಾ ಏರತದ ಅಂತ ನಾ ಹೇಳಂಗಿಲ್ಲ, ಇಳಿಯೋ ಕಾಲನೂ ಇರ್ತಾವ. ಆದರ ವೈನಿಯ ಅವ್ವ ಆ ಪಾಟ್ಲಿ ಮಾಡಿಸಿದ್ದು ಗೋವಿನಜೋಳ ಮಾರಿದ ರೊಕ್ಕದಾಗ. ಯಾರಿಗರ ಜಡ್ಡು ಬಂದರ, ಮಗಳ ಓದಿಗೆ ಕಡಿಮಿ ಬಿದ್ದರ, ರಾತ್ರೋರಾತ್ರಿ ಕೆಲಸಕ್ಕ ಬರೋದು ಅದ ಒಂದು. ಹಂಗ ಹೆಣ್ಣಮಕ್ಕಳಿಗೆ ತಮ್ಮದು ಅಂತ ಮತ್ತೇನಿರ್ತದ? ಮನಿ ಅವರ ಹೆಸರಲೆ, ಗಾಡಿ ಅವರ ಹೆಸರಲೆ. ಒತ್ತಿ ಇಟ್ಟ ಚೀಟಿ ಮಾತ್ರ ನಮ್ಮ ಹೆಸರಲೆ.

ಈ ಮಾತಿಗೆ ಬರೋ ಉತ್ತರಾನೂ ಕೇಳೀನಿ. "ಪೆಟ್ರೋಲ್ ಇನ್ನೂ ಏರತದ, ಆವಾಗ ನೋಡು." ಏರಲಿ. ಲೀಟರಿಗೆ 150 ಆತು ಅನ್ರಿ. ಉಳಿತಾಯ ತಿಂಗಳಿಗೆ 1,909 ಆಗ್ತದ. ಪಾಟ್ಲಿ ಬಡ್ಡಿ ತಿಂಗಳಿಗೆ 2,250. ಇನ್ನೂ ಮುಟ್ಟಲಿಲ್ಲ. "ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಕೂಡಸ್ತಾರ, ಹಳೇ ಗಾಡಿ ಮೈಲೇಜ್ ಇಳದದ." ಇಳದಿರಬಹುದು. ನೂರಕ್ಕ 20 ಎಥೆನಾಲ್ ಖರೆ, ಎಥೆನಾಲಿನ್ಯಾಗ ಪೆಟ್ರೋಲಿಗಿಂತ ಕಸುವು ಕಡಿಮಿ ಅನ್ನೋದೂ ಖರೆ. ಹೊಸ ಗಾಡಿನೂ ಅದ ಬಂಕಿನ್ಯಾಗ ಅದನ್ನ ಕುಡೀತದ. (ಬೆಳಗಾವಿ-ಬಾಗಲಕೋಟಿ ಕಡೆ ಕಬ್ಬು ಬೆಳೆಯೋ ನಮ್ಮ ಬೀಗರಿಗೆ ಈ ಮಾತು ಸೇರಂಗಿಲ್ಲ, ಬಿಡ್ರಿ.)

"ಹೊಗಿ ಕಡಿಮಿ ಆಗ್ತದಲ್ಲ, ಪರಿಸರಕ್ಕ ಚಲೋ" ಅಂತ ನನ್ನ ಸ್ವಾದರ ಮಾವನ ಮಗಳು ಅಂದಳು. ಅದು ಮಾತು ಅಂದರ ಮಾತು. ತಿಂಗಳಿಗೆ ಹನ್ನೆರಡು-ಹದಿಮೂರು ಲೀಟರ್ ಕಡಿಮಿ ಸುಡತೀವಿ, ಅದನ್ನ ನಾ ಅಲ್ಲಗಳಿಯಂಗಿಲ್ಲ. ಹಂಗಿದ್ದರ "ಪರಿಸರಕ್ಕಂತ ಮೂರು ಲಕ್ಷ ಕೊಡ್ತೀವಿ" ಅಂತ ಬಾಯಿ ಬಿಟ್ಟು ಹೇಳ್ರಿ. ಗೇರು ಇಲ್ಲ, ಸದ್ದಿಲ್ಲ, ಮೊಣಕಾಲು ನೋವಿನವರಿಗೆ ಕ್ಲಚ್ ಒತ್ತೋ ಕಾಟ ಇಲ್ಲ, ಇದೂ ಖರೆ. ಆರಾಮಕ್ಕ ರೊಕ್ಕ ಕೊಡೋದು ಪಾಪ ಅಲ್ಲ. (ಕ್ಲಚ್ ಇಲ್ಲದ್ದಕ್ಕ ಸಾದಾ ಆಟೋಮ್ಯಾಟಿಕ್ಕೂ ಸಾಕು.) ಕಾರು ಬೇಕು ಅಂತ ಆಶಾ ಆಗೇದ ಅನ್ನೋದನ್ನೂ ನಾ ಒಪ್ಪತೀನಿ. ನಮಗ ಇಳಕಲ್ ಸೀರಿ ಆಶಾ ಇರಂಗಿಲ್ಲೇನು? ಆದರ ನಾವು ಇಳಕಲ್ ಸೀರಿ ತರೋ ಮುಂದ "ಇದರಿಂದ ಮನಿಗೆ ಉಳಿತಾಯ ಆಗ್ತದ" ಅಂತ ಹೇಳಿ ಅವರ ಪಿಎಫ್ ತಗಸಂಗಿಲ್ಲ.

ನನಗ ಎದಿಗೆ ಚುಚ್ಚೋದು ಇದ. ವೈನಿ ಕಾಯಿಪಲ್ಲೆ ತರಲಿಕ್ಕೆ ರಿಕ್ಷಾ ಬಿಟ್ಟು ಬಸ್ ಹತ್ತಿದರ ಅದಕ್ಕ ಕಂಜೂಸಿ ಅಂತ ಹೆಸರು. 2023ರ ಜೂನ್ 11ಕ್ಕ ಸರಕಾರಿ ಸಾದಾ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ತಿಕೀಟು ಮಾಫ್ ಆದಾಗಿಂದ ಅಂತೂ ನಗಿಚಾಟಿಕಿನ ಆಗೇದ. ಅಕಿ ಹಿಂಗ ಅಡ್ಡಾಡಿ ತಿಂಗಳಿಗೆ ಉಳಸೋದು ಸಾವಿರದ ಹತ್ತಿರ, ಖರ್ಚು ಸೊನ್ನಿ. ಅಣ್ಣ ಇಪ್ಪತ್ತೆರಡು ಲಕ್ಷ ಖರ್ಚು ಮಾಡಿ 1,311 ಉಳಸಿದರ ಅಂವ ದೂರದೃಷ್ಟಿಯವ, ಲೆಕ್ಕಾಚಾರದ ಮನಷ್ಯಾ! ಹುಬ್ಬಳ್ಳಿಗೆ ಹೋಗೋದಿದ್ದರ ಚಿಗರಿ ಬಸ್ ಅದ, ಎಸಿ ಅದ, ತನ್ನ ಹಾದಿಯೊಳಗ ತಾನ ಓಡ್ತದ. ವಾರಕ್ಕ ಎರಡು ಸಲ ಕಾರು ಬಿಟ್ಟು ಅದರಾಗ ಹೋಗಿ ಬಂದರ ತಿಂಗಳಿಗೆ ಮುನ್ನೂರು ಕಿಲೋಮೀಟರಿನ ಮ್ಯಾಲೆ ಕಾರು ಓಡೋದು ತಪ್ಪತದ. ತಿಕೀಟಿನ ರೊಕ್ಕ ತಗದರೂ ಹೈಬ್ರಿಡ್ ಉಳಸೋದರ ಸರಿಸಮ ಬರ್ತದ. ಟಾಯರ್ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಸ್ರಿ. ಎಷ್ಟು ಹಾಕಬೇಕು ಅಂತ ಡ್ರೈವರ್ ಬಾಗಲ ಸಂದ್ಯಾಗ ಚೀಟಿ ಅಂಟಿಸಿರ್ತಾರ, ಅಂದಾಜಿಲೆ ಹಾಕಸಬ್ಯಾಡ್ರಿ. ಗಾಳಿ ಕಡಿಮಿ ಇದ್ದರ ಪೆಟ್ರೋಲ್ ಹೆಚ್ಚ ಕುಡೀತದ. ಸಾಲಿ ಮುಂದ ಎಸಿ ಹಚ್ಚಿ ಅರ್ಧಾ ತಾಸು ನಿಲ್ಲೋದು, ಬೆಳಿಗ್ಗೆ ಹಾಲಿಗೊಮ್ಮೆ, ಹೂವಿಗೊಮ್ಮೆ, ಮರತ ಕೊತಂಬರಿಗೊಮ್ಮೆ ಕಾರು ತಗಿಯೋದು, ಇವು ನಿಂತರ ಎಷ್ಟು ಉಳೀತದ ಅನ್ನೋದು ಯಾವ ಶೋರೂಮಿನವರೂ ಹೇಳಂಗಿಲ್ಲ.

ಹಂಗಂತ ಯಾರಿಗೂ ಹೈಬ್ರಿಡ್ ಲಾಭ ಇಲ್ಲ ಅಂತಲ್ಲ. ವರ್ಷಕ್ಕ ನಲವತ್ತು-ಐವತ್ತು ಸಾವಿರ ಕಿಲೋಮೀಟರ್ ಊರಾಗ ಓಡಸೋ ಟ್ಯಾಕ್ಸಿಯವರಿಗೆ ಮೂರ ವರ್ಷದಾಗ, ಬಹಳಾದರ ಮೂರೂವರಿ ವರ್ಷದಾಗ ರೊಕ್ಕ ಹೊರಬೀಳತದ. ಔಷಧ ಕಂಪನಿ ಕೆಲಸಕ್ಕ ದಿನಾ ನೂರು ಕಿಲೋಮೀಟರ್ ಅಡ್ಡಾಡೋ ನಮ್ಮ ಎದುರುಮನಿ ಹುಡುಗಗೂ ಕೂಡಬಹುದು. ಅವರು ತೊಗೊಳ್ಳಲಿ. ಆದರ ಅವರಿಗೂ ಒಂದು ಹೇಳಿರ್ತೀನಿ, ಹಿಂದಿನ ಡಿಕ್ಕಿ ತಗದು ನೋಡಿ ತೊಗೊಳ್ರಿ. ಬ್ಯಾಟರಿ ಹಿಂದ ಕೂಡ್ತದ. ಗ್ರ್ಯಾಂಡ್ ವಿಟಾರಾದ ಸಾದಾ ಗಾಡಿಯೊಳಗ 373 ಲೀಟರ್ ಜಾಗಾ ಇದ್ದರ ಸ್ಟ್ರಾಂಗ್ ಹೈಬ್ರಿಡ್ಡಿನ್ಯಾಗ 265. ಬ್ಯಾಡಗಿಯಿಂದ ವರ್ಷದ ಮೆಣಸಿನಕಾಯಿ ಚೀಲ, ಮಗಳ ಮನಿಗೆ ಕಳಸೋ ಉಂಡಿ-ಚಕ್ಕಲಿ ಡಬ್ಬಿ, ಎರಡೂ ಕೂಡೋದು ಕಷ್ಟ.

ವೈನಿ, ಇದನ್ನ ಓದಿ ನೀವು ಅಣ್ಣನ ಜೋಡಿ ಜಗಳಾ ತಗೀಬೇಕಂತ ಬರದಿಲ್ಲ. ಅಂವ ಕೆಟ್ಟ ಮನಷ್ಯಾ ಅಲ್ಲ, ಹೊಸ ಗಾಡಿ ಕಂಡರ ಹುಡುಗರಂಗ ಆಗ್ತಾನ, ಸಣ್ಣಾಂವ ಇದ್ದಾಗಿಂದನೂ ಹಂಗ. ಸಾಲದ ಕಾಗದಕ್ಕ ಸಹಿ ಮುಂದಿನ ವಾರ ಅಂತ ಕೇಳಿದೆ. ಅದರ ಮದಲ ಎರಡೂ ಗಾಡಿ ಕೊಟೇಶನ್, ರೋಡ್ ಟ್ಯಾಕ್ಸ್ ಸಹಿತ, ಬರಸಿಕೊಂಡು ಬರ್ರಿ. ಬಾಯಿಮಾತಿಲೆ ಬ್ಯಾಡ, ಹಾಳಿಮ್ಯಾಲೆ. ಬ್ಯಾಂಕಿನವರು ಬಡ್ಡಿ ಎಷ್ಟು ಹೇಳ್ಯಾರ ಅದೂ ಇರಲಿ. ಸರ್ವಿಸ್ ಬಿಲ್ಲಿನ ಚೀಲ ಮರೀಬ್ಯಾಡ್ರಿ. ರವಿವಾರ ಮಧ್ಯಾಹ್ನ ನಾ ಮನ್ಯಾಗನ ಇರ್ತೀನಿ, ಅಣ್ಣನ್ನೂ ಕರಕೊಂಡು ಬರ್ರಿ, ಜುಣಕದ ವಡಿ ಮಾಡಿರ್ತೀನಿ. ಪಾಟ್ಲಿ ಕೈಯಾಗನ ಇರಲಿ.